ತೋಟದ ತುಂಬ ಕೋರ್ಜೆಟ್! ಚಳಿಗಾಲದ ಅಡುಗೆಗೆ ಹೇಗೆ ಉಳಿಸಿಡುವುದು?

ರೀಡಿಂಗ್_ರೈತ
ಎಲ್ಲರಿಗೂ ನಮಸ್ಕಾರ. ನಾವಿರುವುದು ಇಂಗ್ಲೆಂಡಿನ ರೀಡಿಂಗ್ ಊರಲ್ಲಿ. ಕೌನ್ಸಿಲ್‌ನಿಂದ ಅರ್ಧ ಅಲಾಟ್‌ಮೆಂಟ್ ಬಾಡಿಗೆಗೆ ಸಿಕ್ಕಿದೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಮನೆಗೆ ಬೇಕಾದ ತರಕಾರಿ ಬೆಳೆದುಕೊಳ್ಳಲು ಕೊಡುವ ಜಾಗ ಅದು. ಪೂರ್ತಿ ಪ್ಲಾಟ್ ಅಂದರೆ ಸುಮಾರು 250 ಚದರ ಮೀಟರ್. ಈ ವರ್ಷ ಕೋರ್ಜೆಟ್ ಸಿಕ್ಕಾಪಟ್ಟೆ ಬಿಟ್ಟಿದೆ. ಬೆಂಗಳೂರಿನ ಅಂಗಡಿಗಳಲ್ಲಿ ಜುಕಿನಿ ಅಂತ ಮಾರುತ್ತಾರಲ್ಲ, ಅದೇ ಕಾಯಿ. ಶನಿವಾರ ಎಲ್ಲ ಕಿತ್ತು ಬಂದರೆ ಮಂಗಳವಾರಕ್ಕೆ ಮತ್ತೆ ಬುಟ್ಟಿ ತುಂಬುತ್ತದೆ.

ಅಕ್ಟೋಬರಿನಲ್ಲಿ ಮಂಜು ಬಿದ್ದರೆ ಗಿಡ ಸತ್ತೇ ಹೋಗುತ್ತದೆ. ಆಮೇಲೆ ಅಂಗಡಿಗೆ ಬರುವುದೆಲ್ಲ ಸ್ಪೇನಿನ ಕಾಯಿ, ಬೆಲೆಯೂ ಜಾಸ್ತಿ. ಹಾಗಾಗಿ ಈಗಿನದನ್ನು ಉಳಿಸಿಟ್ಟುಕೊಂಡು ಜನವರಿ, ಫೆಬ್ರವರಿಯಲ್ಲಿ ಹುಳಿ, ರೊಟ್ಟಿ, ಗೊಜ್ಜು ಮಾಡಬೇಕು ಅಂತ ಆಸೆ. ನನ್ನ ಪ್ರಶ್ನೆಗಳು: ಫ್ರೀಜರ್‌ಗೆ ಹೋಳು ಹಾಕಬೇಕೋ, ತುರಿದು ಹಾಕಬೇಕೋ? ಬೂದುಗುಂಬಳದ ಹಾಗೆ ಇದರಲ್ಲಿ ಸಂಡಿಗೆ ಆಗುತ್ತದಾ? ಇನ್ನೊಂದು, ವಿಡಿಯೋ ಒಂದರಲ್ಲಿ ಹೋಳುಗಳನ್ನು ಉಪ್ಪುನೀರಿನ ಜೊತೆ ಗಾಜಿನ ಬಾಟಲಿಗೆ ತುಂಬಿ, ಬಾಟಲಿಯನ್ನೇ ಕುದಿಸಿ ಕಪಾಟಿನಲ್ಲಿ ಇಡುತ್ತಾರೆ. ಅದನ್ನು ನಂಬಬಹುದಾ? ನಮ್ಮ ಫ್ರೀಜರ್‌ನಲ್ಲಿರುವುದು ಮೂರೇ ಡ್ರಾಯರ್. ಅದನ್ನೂ ಗಮನದಲ್ಲಿಟ್ಟುಕೊಂಡು ಹೇಳಿ.

ನ್ಯೂಜೆರ್ಸಿ_ಅತ್ತಿಗೆ
ಅಮೆರಿಕದಲ್ಲೂ ಇದೇ ಕಥೆ. ಪಕ್ಕದ ಮನೆಯವರ ಜಗಲಿ ಮೇಲೆ ಗುಟ್ಟಾಗಿ ಜುಕಿನಿ ಇಟ್ಟು ಬರುವುದಕ್ಕೆ ಅಂತಲೇ ಇಲ್ಲಿ ಆಗಸ್ಟ್ 8ನೇ ತಾರೀಕು ಇದೆ!

ನಾನು ತುರಿದು ಇಡುತ್ತೇನೆ. ತುರಿದ ಮೇಲೆ ತೆಳು ಬಟ್ಟೆಯಲ್ಲಿ ಕಟ್ಟಿ ಗಟ್ಟಿಯಾಗಿ ಹಿಂಡುವುದು. ಒಂದು ಸಲದ ರೊಟ್ಟಿಗೆ ಎಷ್ಟು ಬೇಕೋ ಅಷ್ಟನ್ನು ಒಂದೊಂದು ಜಿಪ್ ಕವರ್‌ಗೆ ಹಾಕಿ, ಕೈಯಿಂದ ಒತ್ತಿ ಚಪ್ಪಟೆ ಮಾಡಿ, ಗಾಳಿ ತೆಗೆದು ಮುಚ್ಚುವುದು. ಒಂದರ ಮೇಲೊಂದು ಪೇರಿಸಿದರೆ ಒಂದು ಡ್ರಾಯರ್‌ನಲ್ಲೇ ಬಹಳ ಹಿಡಿಯುತ್ತದೆ. ಕವರ್ ಮೇಲೆ ತಾರೀಕು, ತೂಕ ಬರೆಯಿರಿ.

ತಾರಸಿ_ತೋಟ
ಅತ್ತಿಗೆ, ಒಂದು ಮಾತು. ಮೊದಲೇ ಯಾಕೆ ಹಿಂಡುತ್ತೀರಿ? ಹಾಗೇ ಇಡಿ. ಫ್ರೀಜ್ ಆದಾಗ ಒಳಗಿನ ನೀರು ಹರಳುಗಟ್ಟಿ ಕಾಯಿಯ ಜೀವಕೋಶ ಒಡೆಯುತ್ತದೆ. ಕರಗಿದ ಮೇಲೆ ಹಿಂಡಿದರೆ ಎರಡು ಬೆರಳಲ್ಲೇ ನೀರು ಬರುತ್ತದೆ. ಆ ನೀರನ್ನು ಚೆಲ್ಲಬೇಡಿ, ಅದರಲ್ಲೇ ಹಿಟ್ಟು ಕಲಸಿ. ಕಾಯಿಯ ರುಚಿ ಇರುವುದೇ ಆ ರಸದಲ್ಲಿ.

ನ್ಯೂಜೆರ್ಸಿ_ಅತ್ತಿಗೆ
ಜಾಗ ಕಣಪ್ಪ, ಜಾಗ! ಅವರಿಗಿರುವುದು ಮೂರು ಡ್ರಾಯರ್. ನೀರನ್ನು ಮಂಜುಗಡ್ಡೆ ಮಾಡಿ ಇಡುವುದಕ್ಕೆ ಕರೆಂಟು ಯಾಕೆ ಕಟ್ಟಬೇಕು? ಹಿಂಡಿದ ರಸದಲ್ಲಿ ಅವತ್ತೇ ಬೇಳೆ ಬೇಯಿಸಿಕೊಳ್ಳಲಿ.

ಲ್ಯಾಬ್_ಕೋಟು
ಇಬ್ಬರ ಮಾತೂ ಅವರವರ ಕೆಲಸಕ್ಕೆ ಸರಿ. ಆದರೆ ಒಂದು ಹಂತ ಇಬ್ಬರೂ ಬಿಟ್ಟಿದ್ದೀರಿ, ಬ್ಲಾಂಚಿಂಗ್, ಅಂದರೆ ಫ್ರೀಜರ್‌ಗೆ ಹಾಕುವ ಮೊದಲು ಸ್ವಲ್ಪ ಹೊತ್ತು ಕುದಿನೀರು ಅಥವಾ ಹಬೆ ತಾಗಿಸುವುದು. ನಾನು ಮೈಸೂರಿನಲ್ಲಿ ಆಹಾರ ತಂತ್ರಜ್ಞಾನ ಓದಿದವಳು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಈ ಕಾಯಿಯಲ್ಲಿ ಸುಮಾರು 95 ಭಾಗ ನೀರೇ. ಹತ್ತು ಕಿಲೋ ಕಾಯಿ ಅಂದರೆ ಒಂಬತ್ತೂವರೆ ಕಿಲೋ ನೀರು. ಹೇಗೆ ಕಾಪಾಡಬೇಕು ಅನ್ನುವುದಕ್ಕಿಂತ ಮೊದಲು, ಈ ನೀರನ್ನು ಏನು ಮಾಡುತ್ತೀರಿ ಅಂತ ತೀರ್ಮಾನ ಮಾಡಿ. ಒಣಗಿಸುತ್ತೀರೋ, ಹಿಂಡುತ್ತೀರೋ, ಹುಳಿ ಸೇರಿಸುತ್ತೀರೋ, ಇಲ್ಲ ನೀರಿದ್ದರೂ ತೊಂದರೆಯಿಲ್ಲದ ಅಡುಗೆಗೆ ಇಡುತ್ತೀರೋ.

ಫ್ರೀಜರ್ ಕಾಯಿಯೊಳಗಿನ ಕಿಣ್ವಗಳನ್ನು ನಿಧಾನ ಮಾಡುತ್ತದೆ ಅಷ್ಟೇ, ನಿಲ್ಲಿಸುವುದಿಲ್ಲ. ತಿಂಗಳು ಕಳೆದಂತೆ ಬಣ್ಣ ಮಂಕಾಗಿ, ಒಣಹುಲ್ಲಿನ ವಾಸನೆ ಬರಲು ಶುರುವಾಗುತ್ತದೆ. ಅದಕ್ಕೇ ಅರ್ಧ ಇಂಚು ದಪ್ಪದ ಹೋಳುಗಳನ್ನು ಕುದಿಯುವ ನೀರಲ್ಲಿ 3 ನಿಮಿಷ ಹಾಕಿ, ತೆಗೆದು ತಕ್ಷಣ ಐಸ್ ನೀರಿಗೆ ಹಾಕಬೇಕು. ತುರಿಯಾದರೆ ಇಡ್ಲಿ ಪಾತ್ರೆಯಲ್ಲಿ ಸ್ವಲ್ಪ ಸ್ವಲ್ಪವೇ ಹರಡಿ, 1 ರಿಂದ 2 ನಿಮಿಷ ಹಬೆಯಲ್ಲಿ ಬೇಯಿಸಿ. ತುರಿ ಪಾರದರ್ಶಕ ಆದರೆ ಸಾಕು. ಆರಿಸಿ, ನೀರು ಬಸಿದು, ಮೈನಸ್ 18 ಡಿಗ್ರಿಯಲ್ಲಿ ಇಡಿ. ಹೀಗೆ ಇಟ್ಟದ್ದು ಮುಂದಿನ ಬೆಳೆ ಬರುವವರೆಗೂ ಚೆನ್ನಾಗಿರುತ್ತದೆ. ಒಂದೆರಡು ತಿಂಗಳಲ್ಲೇ ಮುಗಿಸುತ್ತೀರಾದರೆ ಬ್ಲಾಂಚ್ ಮಾಡದೆಯೂ ನಡೆಯುತ್ತದೆ.

ಬಾಟಲಿ ವಿಷಯಕ್ಕೆ ಬೇರೆ ಬರೆಯುತ್ತೇನೆ. ಅಲ್ಲಿಯವರೆಗೆ ದಯವಿಟ್ಟು ಆ ವಿಡಿಯೋ ನೋಡಿ ಮಾಡಬೇಡಿ.

ರೀಡಿಂಗ್_ರೈತ
ಇಡ್ಲಿ ಪಾತ್ರೆ! ಒಳ್ಳೇ ಉಪಾಯ ಮೇಡಂ. ಹೋಳುಗಳು ಪಲ್ಯಕ್ಕೆ ಆಗುತ್ತವಾ?

ಲ್ಯಾಬ್_ಕೋಟು
ಪಲ್ಯಕ್ಕೆ ಬೇಡ. ಎಷ್ಟೇ ಹುಷಾರಾಗಿ ಮಾಡಿದರೂ ಮೆತ್ತಗಾಗುತ್ತದೆ. ಹುಳಿ, ಕೂಟು, ಸೂಪ್‌ಗೆ ಚೆನ್ನ. ಕರಗಿಸದೆ ನೇರ ಕುದಿಯುವ ಬೇಳೆಗೆ ಹಾಕಿ, ಒಂದು ಕುದಿ ಬಂದರೆ ಆಯಿತು.

ಕರಾವಳಿ_ಕೈರುಚಿ
ನಮ್ಮ ದಕ್ಷಿಣ ಕನ್ನಡದಲ್ಲಿ ಮಂಗಳೂರು ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ಕೆಳಗೆ ನೇತು ಹಾಕುತ್ತಾರೆ. ಮಳೆಗಾಲ ಪೂರ್ತಿ ಅದರದ್ದೇ ಸಾಂಬಾರು, ಅದರದ್ದೇ ದೋಸೆ. ಫ್ರೀಜರೂ ಬೇಡ, ಕರೆಂಟೂ ಬೇಡ. ಕೋರ್ಜೆಟನ್ನು ಹಾಗೆ ನೇತು ಹಾಕಿದರೆ ಆಗುವುದಿಲ್ವಾ?

ಮಲೆನಾಡ_ಮಗಳು
ಆಗುವುದಿಲ್ಲ ಅಕ್ಕ. ಮಂಗಳೂರು ಸೌತೆಯನ್ನು ಬಲಿತ ಮೇಲೆ ಕೀಳುತ್ತೇವೆ, ಸಿಪ್ಪೆ ಗಟ್ಟಿಯಾಗಿರುತ್ತದೆ. ಕೋರ್ಜೆಟ್ ಎಳೆಗಾಯಿ. ಸಿಪ್ಪೆಗೆ ಉಗುರು ತಾಗಿದರೆ ಗಾಯ. ಫ್ರಿಜ್‌ನಲ್ಲೇ ಒಂದು ವಾರದಲ್ಲಿ ಸೊರಗುತ್ತದೆ, ಇನ್ನು ನೇತು ಹಾಕಿದರೆ ಕೇಳಬೇಕಾ.

ಲೀಡ್ಸ್_ಲಿಂಗಣ್ಣ
ಆದರೆ ಕರಾವಳಿಯವರ ಮಾತಲ್ಲಿ ಹುರುಳಿದೆ. ಅದೇ ಕಾಯಿಯನ್ನು ಗಿಡದಲ್ಲೇ ಬಿಟ್ಟರೆ ದೊಡ್ಡದಾಗಿ, ಸಿಪ್ಪೆ ಗಟ್ಟಿಯಾಗಿ, ಇಲ್ಲಿಯವರು ಹೇಳುವ ಮ್ಯಾರೋ ಆಗುತ್ತದೆ. ತೊಟ್ಟು ಉಳಿಸಿ ಕಿತ್ತು, ಒಂದಕ್ಕೊಂದು ತಾಗದ ಹಾಗೆ ತಂಪಾದ ಒಣ ಶೆಡ್‌ನಲ್ಲಿ ಇಟ್ಟರೆ ಕೆಲವು ವಾರ ಏನೂ ಆಗುವುದಿಲ್ಲ. ಮಂಜು ತಾಗಬಾರದು ಅಷ್ಟೇ. ಸಿಪ್ಪೆ, ತಿರುಳು ತೆಗೆದು ಸೌತೆಯ ಹಾಗೇ ಹುಳಿ ಮಾಡಬಹುದು, ಮಜ್ಜಿಗೆ ಹುಳಿಗಂತೂ ಬಹಳ ಚೆನ್ನ.

ಇಂಗ್ಲಿಷರು ಅದರಲ್ಲಿ ಶುಂಠಿ ಹಾಕಿ ಜಾಮ್ ಮಾಡುತ್ತಾರೆ. ರುಚಿ ನಮಗೆ ಹತ್ತಿರದ್ದೇ.

ತಾರಸಿ_ತೋಟ
ಹಾಗೆ ಬಿಟ್ಟರೆ ಗಿಡ ಹೊಸ ಕಾಯಿ ಬಿಡುವುದು ಕಡಿಮೆ ಮಾಡುತ್ತದೆ. ಬೀಜ ಬಲಿಯಲು ಶುರುವಾದರೆ ಗಿಡದ ಶಕ್ತಿಯೆಲ್ಲ ಅದಕ್ಕೇ ಹೋಗುತ್ತದೆ. 10 ಸೆಂಟಿಮೀಟರ್ ಆದ ತಕ್ಷಣ ಕೀಳಬೇಕು.

ಲೀಡ್ಸ್_ಲಿಂಗಣ್ಣ
ಅವರಿಗೆ ಈಗ ಕಡಿಮೆ ಆಗುವುದೇ ಬೇಕಲ್ವಾ! ಎರಡು ಗಿಡದಲ್ಲಿ ಮ್ಯಾರೋ ಬಿಡಲಿ, ಉಳಿದದ್ದರಲ್ಲಿ ಎಳೆಗಾಯಿ ಕೀಳಲಿ.

ಧಾರವಾಡದಾಕಿ
ಯಾರೂ ಒಣಗಿಸುವುದನ್ನು ಹೇಳಲಿಲ್ಲಲ್ರೀ? ನಮ್ಮ ಕಡೆ ಗೋರಿಕಾಯಿ, ಮೆಣಸಿನಕಾಯಿ ಎಲ್ಲ ಬಾಳಕ ಮಾಡುತ್ತೇವೆ. ಹುಳಿ ಮಜ್ಜಿಗೆಗೆ ಉಪ್ಪು ಹಾಕಿ ಕಾಯಿಯನ್ನು ರಾತ್ರಿ ನೆನೆಸುವುದು, ಬೆಳಿಗ್ಗೆ ತೆಗೆದು ಬಿಸಿಲಿಗೆ ಹಾಕುವುದು, ಸಂಜೆ ಮತ್ತೆ ಅದೇ ಮಜ್ಜಿಗೆಗೆ. ಮಜ್ಜಿಗೆಯೆಲ್ಲ ಕಾಯಿಗೆ ಇಳಿದು ಮುಗಿಯುವವರೆಗೂ ಹೀಗೇ ಮಾಡಿ, ಆಮೇಲೆ ಗರಿಗರಿ ಒಣಗಿಸಿ ಡಬ್ಬಿಗೆ ತುಂಬಬೇಕು. ಕೋರ್ಜೆಟನ್ನು ಗಾಲಿ ಗಾಲಿಯಾಗಿ ಹೆಚ್ಚಿ ಹಾಗೇ ಮಾಡಿ ನೋಡ್ರಿ. ಎಣ್ಣೆಯಲ್ಲಿ ಕರಿದರೆ ಮೊಸರನ್ನಕ್ಕೆ ಬೇರೆ ಏನೂ ಬೇಡ. ಜೋಳದ ರೊಟ್ಟಿ, ಗುರೆಳ್ಳು ಪುಡಿ ಜೊತೆಗೂ ಹೊಂದುತ್ತದೆ.

ರೀಡಿಂಗ್_ರೈತ
ಕೇಳಿದರೇ ಬಾಯಲ್ಲಿ ನೀರು ಬರುತ್ತಿದೆ ಅಕ್ಕಾವ್ರೆ. ಆದರೆ ಬಿಸಿಲು ಎಲ್ಲಿಂದ ತರಲಿ? ಇಲ್ಲಿ ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಮೋಡ, ಸಂಜೆ ತುಂತುರು.

ಧಾರವಾಡದಾಕಿ
ಹಂಗಿದ್ರ ಹಸಿ ಮಜ್ಜಿಗೆಯಲ್ಲಿ ದಿನಗಟ್ಟಲೆ ಬಿಡಬೇಡಿ, ಬೂಸ್ಟು ಹಿಡಿಯುತ್ತದೆ. ಒಂದೇ ರಾತ್ರಿ ನೆನೆಸಿ ಯಂತ್ರದಲ್ಲಿ ಒಣಗಿಸಿ.

ಲ್ಯಾಬ್_ಕೋಟು
ಸರಿಯಾಗಿ ಹೇಳಿದಿರಿ. ಡಿಹೈಡ್ರೇಟರ್ ಇದ್ದರೆ 55 ರಿಂದ 60 ಡಿಗ್ರಿ. ಅರ್ಧ ಸೆಂಟಿಮೀಟರಿಗಿಂತ ತೆಳ್ಳಗೆ, ಎಲ್ಲವೂ ಒಂದೇ ದಪ್ಪ ಇರುವ ಹಾಗೆ ಹೆಚ್ಚಬೇಕು. ಹೋಳು ಬಗ್ಗಿದರೆ ಒಣಗಿಲ್ಲ, ಪಟ್ಟನೆ ಮುರಿದರೆ ಒಣಗಿದೆ. ಓವನ್ ಆದರೆ ಫ್ಯಾನ್ ಹಾಕಿ, ಕನಿಷ್ಠ ಉಷ್ಣತೆಯಲ್ಲಿ ಬಾಗಿಲನ್ನು ಸ್ವಲ್ಪ ತೆರೆದಿಡಿ. ಹಬೆ ಹೊರಗೆ ಹೋಗದಿದ್ದರೆ ಹೋಳು ಬೇಯುತ್ತದೆಯೇ ಹೊರತು ಒಣಗುವುದಿಲ್ಲ.

ಡಬ್ಬಿಗೆ ಹಾಕಿದ ಮೇಲೂ ಒಂದು ವಾರ ಕಣ್ಣಿಡಿ. ದಿನಕ್ಕೊಮ್ಮೆ ಕುಲುಕಿ. ಗಾಜಿನ ಒಳಗೆ ಎಲ್ಲಾದರೂ ಪಸೆ ಕಂಡರೆ ಎಲ್ಲವನ್ನೂ ಹೊರಗೆ ತೆಗೆದು ಮತ್ತೆ ಒಣಗಿಸಿ. ಒಂದು ಕಿಲೋ ಕಾಯಿ ಕೊನೆಗೆ ಒಂದು ಹಿಡಿ ಆಗುತ್ತದೆ, 50-60 ಗ್ರಾಂ ಅಷ್ಟೇ. ಫ್ರೀಜರ್ ಚಿಕ್ಕದಿರುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ.

ಇಸ್ತಾಂಬುಲ್_ವಾಸಿ
ಟರ್ಕಿಯ ಗಾಜಿಯಾಂಟೆಪ್ ಕಡೆ ಇದೇ ಜಾತಿಯ ಕಾಯಿಯನ್ನು, ಬದನೆಯನ್ನೂ, ಒಳಗೆ ಟೊಳ್ಳು ಮಾಡಿ ದಾರಕ್ಕೆ ಪೋಣಿಸಿ ಒಣಗಿಸುತ್ತಾರೆ. ಬೇಸಿಗೆಯ ಕೊನೆಗೆ ಅಂಗಡಿಗಳ ಮುಂದೆ ಹಾರದ ಹಾಗೆ ತೂಗುತ್ತಿರುತ್ತವೆ. ಚಳಿಗಾಲದಲ್ಲಿ ಬಿಸಿನೀರಿನಲ್ಲಿ ನೆನೆಸಿ, ಅಕ್ಕಿ, ಖೀಮಾ, ಮಸಾಲೆ ತುಂಬಿ ಬೇಯಿಸುತ್ತಾರೆ. ನಾವು ಮನೆಯಲ್ಲಿ ಖೀಮಾ ಬದಲು ಎಣ್ಣೆಗಾಯಿ ಮಸಾಲೆ ತುಂಬುತ್ತೇವೆ. ಒಣಗಿದ ಕಾಯಿಗೆ ಅಗಿಯುವ ಒಂದು ಗುಣ ಬಂದಿರುತ್ತದೆ, ಹಸಿಯದರಲ್ಲಿ ಅದು ಇಲ್ಲವೇ ಇಲ್ಲ.

ಸಂಡಿಗೆ_ಸರಸ್ವತಿ
ಸಂಡಿಗೆ ಪ್ರಶ್ನೆಗೆ ಉತ್ತರ ಯಾರೂ ಕೊಡಲಿಲ್ಲ, ನಾನು ಕೊಡುತ್ತೇನೆ. ಆಗುತ್ತದೆ, ಖಂಡಿತ ಆಗುತ್ತದೆ. ನಾನು ಮಗನ ಮನೆ ಮ್ಯಾಂಚೆಸ್ಟರಿಗೆ ಹೋದಾಗಲೆಲ್ಲ ಮಾಡಿಕೊಡುತ್ತೇನೆ.

ಉದ್ದಿನ ಸಂಡಿಗೆ ಹೀಗೆ. ಒಂದು ಕಿಲೋ ಕಾಯಿ ತುರಿಯಿರಿ. ದೊಡ್ಡದಾಗಿದ್ದರೆ ಬೀಜದ ತಿರುಳು ತೆಗೆಯಿರಿ, ಸಿಪ್ಪೆ ಇರಲಿ. ಒಂದು ಚಮಚ ಉಪ್ಪು ಕಲಸಿ ಅರ್ಧ ಗಂಟೆ ಬಿಟ್ಟು ಹಿಂಡಿ. ಕಾಲು ಕಿಲೋ ಉದ್ದಿನಬೇಳೆ ನೆನೆಸಿ, ನೀರು ತಾಗಿಸದೆ ಹಸಿಮೆಣಸಿನಕಾಯಿ ಜೊತೆ ತರಿಯಾಗಿ, ಗಟ್ಟಿಯಾಗಿ ರುಬ್ಬಿ. ಇಂಗು, ಜೀರಿಗೆ ಹಾಕಿ ತುರಿ ಸೇರಿಸಿ. ಉಪ್ಪು ನೋಡಿಕೊಂಡು ಹಾಕಿ, ತುರಿಯಲ್ಲಿ ಆಗಲೇ ಇದೆ. ಚಿಕ್ಕ ಚಿಕ್ಕದಾಗಿ ಇಟ್ಟು ಒಣಗಿಸಿ. ದೊಡ್ಡದಾಗಿ ಇಟ್ಟರೆ ಹೊರಗೆ ಒಣಗಿ ಒಳಗೆ ಹಸಿ ಉಳಿದು ಹುಳಿ ವಾಸನೆ ಬರುತ್ತದೆ.

ಅದಕ್ಕಿಂತ ಇದಕ್ಕೆ ಹೊಂದುವುದು ಅರಳು ಸಂಡಿಗೆ. ಭತ್ತದ ಅರಳು ಕಾಯಿಯ ನೀರನ್ನೆಲ್ಲ ಹೀರಿಕೊಳ್ಳುತ್ತದೆ. ಹಿಂಡುವ ಕೆಲಸವೇ ಇಲ್ಲ. ತುರಿ, ರುಬ್ಬಿದ ಮೆಣಸಿನಕಾಯಿ, ಇಂಗು, ಉಪ್ಪು, ಎಳ್ಳು, ನಿಂಬೆರಸ ಕಲಸಿ, ಅರಳು ಸೇರಿಸುತ್ತಾ ಹೋಗಿ ಉಂಡೆ ಕಟ್ಟುವ ಹದಕ್ಕೆ ತನ್ನಿ. ಊರಿಂದ ಯಾರಾದರೂ ಬರುವವರಿದ್ದರೆ ಒಂದು ಚೀಲ ಅರಳು ತರಿಸಿಕೊಳ್ಳಿ, ಭಾರವೇ ಇಲ್ಲ.

ಕರಾವಳಿ_ಕೈರುಚಿ
ಅಮ್ಮಾ, ಅರಳು ಸಿಗದಿದ್ದರೆ ಅವಲಕ್ಕಿ ಆಗುತ್ತದಾ?

ಸಂಡಿಗೆ_ಸರಸ್ವತಿ
ಆಗುತ್ತದೆ ಮಗಳೇ, ಗಟ್ಟಿ ಅವಲಕ್ಕಿ ತಗೋ. ಅರಳಿನಷ್ಟು ಹಗುರ ಆಗುವುದಿಲ್ಲ, ಕರಿದಾಗ ಸ್ವಲ್ಪ ಗಟ್ಟಿ. ರುಚಿಗೆ ಮೋಸವಿಲ್ಲ.

ಬೆಂಗಳೂರು_ಬಾಣಸಿಗ
ಇಷ್ಟೆಲ್ಲ ಕಷ್ಟ ಯಾಕೆ? ಹೋಳು ಮಾಡಿ, ಉಪ್ಪು ಖಾರ ಸಾಸಿವೆ ಪುಡಿ ಹಾಕಿ, ಮೇಲೆ ಎರಡು ಬೆರಳು ಎಣ್ಣೆ ನಿಲ್ಲುವ ಹಾಗೆ ಸುರಿದು ಜಾಡಿ ಮುಚ್ಚಿದರೆ ಉಪ್ಪಿನಕಾಯಿ ಆಯಿತು. ವರ್ಷಗಟ್ಟಲೆ ಇರುತ್ತದೆ. ನಮ್ಮ ಅಜ್ಜಿಯರ ಕಾಲದಲ್ಲಿ ಫ್ರೀಜರ್ ಎಲ್ಲಿತ್ತು? ಎಣ್ಣೆ ಇದ್ದರೆ ಯಾವುದೂ ಕೆಡುವುದಿಲ್ಲ.

ಲ್ಯಾಬ್_ಕೋಟು
ಸರ್, ಇದನ್ನು ಒಪ್ಪಲು ಆಗುವುದಿಲ್ಲ. ಅಜ್ಜಿಯರ ಮಾವಿನಕಾಯಿ, ನಿಂಬೆ ಉಪ್ಪಿನಕಾಯಿ ಕೆಡದೆ ಇದ್ದದ್ದು ಎಣ್ಣೆಯಿಂದಲ್ಲ. ಹಣ್ಣಿನ ಹುಳಿ ಮತ್ತು ದಂಡಿಯಾಗಿ ಹಾಕಿದ ಉಪ್ಪಿನಿಂದ. ಎಣ್ಣೆ ಗಾಳಿಯನ್ನು ತಡೆಯುತ್ತದೆ, ಬೂಸ್ಟು ಹಿಡಿಯದ ಹಾಗೆ ನೋಡಿಕೊಳ್ಳುತ್ತದೆ, ಅಷ್ಟೇ.

ಕೋರ್ಜೆಟ್‌ನಲ್ಲಿ ಹುಳಿ ಇಲ್ಲವೇ ಇಲ್ಲ. ಪಿಎಚ್ ಅಂದರೆ ಹುಳಿಯ ಅಳತೆ, ಕಡಿಮೆ ಇದ್ದಷ್ಟೂ ಹುಳಿ ಜಾಸ್ತಿ. ಇದರದ್ದು 6ರ ಹತ್ತಿರ ಇರುತ್ತದೆ. ಪಿಎಚ್ 4.6ಕ್ಕಿಂತ ಜಾಸ್ತಿ ಇದ್ದು, ಗಾಳಿಯೂ ಇಲ್ಲದ ಕಡೆ ಕ್ಲಾಸ್ಟ್ರಿಡಿಯಂ ಬಾಟ್ಯುಲಿನಂ ಅನ್ನುವ ಬ್ಯಾಕ್ಟೀರಿಯಾ ಬೆಳೆಯಬಲ್ಲದು. ಅದು ಮಣ್ಣಿನಲ್ಲೇ ಇರುವಂಥದ್ದು, ತೋಟದ ಕಾಯಿಗೆ ಅಂಟಿಕೊಂಡೇ ಬರುತ್ತದೆ. ಗಾಳಿ ತಡೆಯುವ ಎಣ್ಣೆ ಅದಕ್ಕೆ ಅನುಕೂಲವೇ ಮಾಡಿಕೊಡುತ್ತದೆ. ಅದರ ವಿಷ ನರಗಳನ್ನು ಹಿಡಿಯುತ್ತದೆ. ವಾಸನೆಯಿಂದಲೋ ರುಚಿಯಿಂದಲೋ ಗೊತ್ತಾಗುತ್ತದೆ ಅನ್ನುವ ಹಾಗಿಲ್ಲ.

ಮೊದಲ ಪೋಸ್ಟಿನ ಬಾಟಲಿಗೂ ಇದೇ ಉತ್ತರ. ಕುದಿಯುವ ನೀರು 100 ಡಿಗ್ರಿ ದಾಟುವುದಿಲ್ಲ. ಈ ಬ್ಯಾಕ್ಟೀರಿಯಾದ ಬೀಜಾಣುಗಳು ಅಷ್ಟಕ್ಕೆ ಸಾಯುವುದಿಲ್ಲ. ಬಾಟಲಿ ಕುದಿಸಿದರೆ ಬೇರೆ ಸೂಕ್ಷ್ಮಜೀವಿಗಳು ಬಹುಪಾಲು ಸತ್ತು, ಇದು ಆರಾಮವಾಗಿ ಉಳಿಯುತ್ತದೆ.

ಬೆಂಗಳೂರು_ಬಾಣಸಿಗ
ಸರಿ, ಕುಕ್ಕರ್ ಇದೆಯಲ್ಲ? ನಮ್ಮ ಪ್ರೆಷರ್ ಕುಕ್ಕರ್‌ನಲ್ಲಿ 15 ಪಿಎಸ್‌ಐ ಒತ್ತಡ ಬರುತ್ತದೆ, 121 ಡಿಗ್ರಿ. ಅದರೊಳಗೆ ಬಾಟಲಿ ಇಟ್ಟು ವಿಷಲ್ ಹೊಡೆಸಿದರೆ ಆಗುವುದಿಲ್ವಾ?

ಲ್ಯಾಬ್_ಕೋಟು
ಉಷ್ಣತೆ ಬರುತ್ತದೆ, ನಿಜ. ಆದರೆ ಬಾಟಲಿಯ ನಟ್ಟನಡುವಿನ ಹೋಳಿಗೆ ಆ ಬಿಸಿ ಎಷ್ಟು ಹೊತ್ತಿಗೆ ತಲುಪುತ್ತದೆ ಅನ್ನುವುದು ಮುಖ್ಯ. ಕ್ಯಾನಿಂಗ್‌ಗೆ (ಬಾಟಲಿಗೆ ತುಂಬಿ ಬಿಸಿ ಮಾಡಿ ಕಾಪಾಡುವುದಕ್ಕೆ) ಅಂತಲೇ ಮಾಡಿದ ದೊಡ್ಡ ಪಾತ್ರೆಗಳು ನಿಧಾನವಾಗಿ ಕಾದು ನಿಧಾನವಾಗಿ ಆರುತ್ತವೆ. ಎಷ್ಟು ಹೊತ್ತು ಕಾಯಿಸಬೇಕು ಅನ್ನುವ ಲೆಕ್ಕ ಕೊಟ್ಟಿರುವುದು ಅವುಗಳಿಗೆ. ನಮ್ಮ ಚಿಕ್ಕ ಕುಕ್ಕರ್ ಬೇಗ ಕಾದು ಬೇಗ ಆರುತ್ತದೆ, ಆ ಲೆಕ್ಕ ಇದಕ್ಕೆ ಹೊಂದುವುದಿಲ್ಲ.

ಅದೂ ಅಲ್ಲದೆ ಈ ಕಾಯಿಗೆ ಲೆಕ್ಕವೇ ಇಲ್ಲ. ಅಮೆರಿಕದ ಕೃಷಿ ಇಲಾಖೆ ಹಿಂದೆ ಜುಕಿನಿ ಬಾಟಲಿಂಗ್‌ಗೆ ಸಮಯ ಕೊಟ್ಟಿತ್ತು. ಆ ಸಮಯವನ್ನು ಹೇಗೆ ನಿಗದಿ ಮಾಡಿದರು ಅನ್ನುವುದೇ ಅನುಮಾನ ಅಂತ ಆಮೇಲೆ ವಾಪಸ್ ತೆಗೆದುಕೊಂಡಿತು. ಬೇಯುತ್ತಾ ಹೋಳುಗಳು ಮೆತ್ತಗಾಗಿ ಒಂದರ ಮೇಲೊಂದು ಕೂತುಬಿಡುತ್ತವೆ, ನಡುವೆ ಬಿಸಿ ಹರಿಯುವುದಿಲ್ಲ. ಹುಳಿ ಸೇರಿಸದ ಕೋರ್ಜೆಟ್ ಬಾಟಲಿ ಕಪಾಟಿಗೆ ಬೇಡ. ಇದರಲ್ಲಿ ರಾಜಿ ಇಲ್ಲ.

ಮಿಲಾನೋ_ಮೈಸೂರು
ಲ್ಯಾಬ್_ಕೋಟು ಅವರ ಮಾತಿಗೆ ಇಟಲಿಯಿಂದ ಒಂದು ಸಾಕ್ಷಿ. ಇಲ್ಲಿಯವರೂ ಜುಕಿನಿಯನ್ನು ಎಣ್ಣೆಯಲ್ಲಿ ಇಡುತ್ತಾರೆ. ಆದರೆ ಹಸಿಯಾಗಿ ಅಲ್ಲ. ಮೊದಲು ಉಪ್ಪು ಹಾಕಿ ನೀರು ಬಿಡಿಸಿ, ವಿನೆಗರ್‌ನಲ್ಲಿ ಕುದಿಸಿ, ಬಟ್ಟೆ ಮೇಲೆ ಹರಡಿ ಆರಿಸಿ, ಆಮೇಲೆ ಎಣ್ಣೆ. ಎಣ್ಣೆಯ ಹೆಸರು ಮುಂದಿದ್ದರೂ ಕೆಲಸ ಮಾಡುವುದು ವಿನೆಗರ್.

ನೇಪಲ್ಸ್ ಕಡೆಯದು ಇನ್ನೂ ಸುಲಭ. ಗಾಲಿಯಾಗಿ ಹೆಚ್ಚಿ, ಕೆಂಪಗೆ ಕರಿದು, ವಿನೆಗರ್, ಬೆಳ್ಳುಳ್ಳಿ, ಪುದೀನ ಹಾಕಿ ನೆನೆಯಲು ಬಿಡುತ್ತಾರೆ. ಫ್ರಿಜ್‌ನಲ್ಲಿ ಕೆಲವು ದಿನಕ್ಕೆ ಮಾತ್ರ, ಚಳಿಗಾಲಕ್ಕಲ್ಲ. ಚಪಾತಿಯ ಜೊತೆ ತಿಂದು ನೋಡಿ, ಬಹಳ ಚೆನ್ನಾಗಿರುತ್ತದೆ. ಅಂದಹಾಗೆ, ಈ ಉದ್ದ ಹಸಿರು ಕಾಯಿಯ ತಳಿ ರೂಪುಗೊಂಡದ್ದು ಇದೇ ಉತ್ತರ ಇಟಲಿಯಲ್ಲಿ. ಮೂಲ ಕುಂಬಳದ ಜಾತಿ ಅಮೆರಿಕ ಖಂಡದ್ದು.

ಬೆಂಗಳೂರು_ಬಾಣಸಿಗ
ವಿನೆಗರ್ ಹಾಕಿದರೆ ಒಪ್ಪುತ್ತೀರಾ ಮೇಡಂ? ನಿಂಬೆರಸ ಆದರೆ?

ಲ್ಯಾಬ್_ಕೋಟು
ವಿನೆಗರ್ ಒಪ್ಪುತ್ತೇನೆ. ಬಾಟಲಿಯ ಮೇಲೆ 5 ಪರ್ಸೆಂಟ್ ಆಮ್ಲ ಅಂತ ಬರೆದಿರಬೇಕು, ಪಾಕವಿಧಾನದಲ್ಲಿ ಹೇಳಿದ ಅಳತೆಗಿಂತ ಹೆಚ್ಚು ನೀರು ಬೆರೆಸಬಾರದು. ಸಕ್ಕರೆ, ಉಪ್ಪು ಕಡಿಮೆ ಮಾಡಿದರೂ ವಿನೆಗರ್ ಕಡಿಮೆ ಮಾಡಬೇಡಿ. ನಿಂಬೆರಸದ್ದು ದಿಢೀರ್ ಉಪ್ಪಿನಕಾಯಿ ಮಾಡಿ, ಫ್ರಿಜ್‌ನಲ್ಲಿಟ್ಟು ಎರಡು ಮೂರು ವಾರದಲ್ಲಿ ಮುಗಿಸಿ. ಅದು ಎಲ್ಲರಿಗೂ ಇಷ್ಟವಾಗುತ್ತದೆ, ಎಳೆಗಾಯಿಯ ಕರಕರ ಹಾಗೇ ಇರುತ್ತದೆ.

ಲೀಡ್ಸ್_ಲಿಂಗಣ್ಣ
ಇಲ್ಲಿಯ ಮನೆಗಳಲ್ಲಿ ಮಾಡುವ ಕೋರ್ಜೆಟ್ ಚಟ್ನಿ ಇದೇ ಲೆಕ್ಕದ್ದು. ಕೋರ್ಜೆಟ್, ಈರುಳ್ಳಿ, ಹುಳಿ ಸೇಬು, ಸಕ್ಕರೆ, ವಿನೆಗರ್ ಹಾಕಿ ಗಂಟೆಗಟ್ಟಲೆ ಕುದಿಸಿ ಗಟ್ಟಿ ಮಾಡುತ್ತಾರೆ. ಸೌಟು ಎಳೆದರೆ ತಳ ಕಾಣಬೇಕು. ಬಿಸಿಯಾಗಿರುವಾಗಲೇ ತೊಳೆದು ಓವನ್‌ನಲ್ಲಿ ಕಾಯಿಸಿದ ಬಾಟಲಿಗೆ ತುಂಬಿ ಮುಚ್ಚಿ, ಕೆಲವು ವಾರ ಬಿಟ್ಟು ತೆಗೆದರೆ ವಿನೆಗರ್‌ನ ಘಾಟು ಇಳಿದಿರುತ್ತದೆ. ನಾನು ಅದಕ್ಕೆ ಸಾಸಿವೆ, ಮೆಂತ್ಯ ಹುರಿದು ಪುಡಿ ಮಾಡಿ ಹಾಕುತ್ತೇನೆ, ಬ್ಯಾಡಗಿ ಮೆಣಸಿನ ಪುಡಿಯೂ. ನಮ್ಮ ಗೊಜ್ಜಿನ ತಮ್ಮ ಅನ್ನಬಹುದು.

ಮಲೆನಾಡ_ಮಗಳು
ವಿನೆಗರ್ ವಾಸನೆ ನಮ್ಮ ಮನೆಯಲ್ಲಿ ಯಾರಿಗೂ ಆಗುವುದಿಲ್ಲ. ನಮ್ಮ ದಾರಿ ಬೇರೆ. ಅಡುಗೆ ಮಾಡಿಯೇ ಫ್ರೀಜ್ ಮಾಡುವುದು. ಹುಣಸೆಹಣ್ಣು, ಬೆಲ್ಲ, ಸಾರಿನ ಪುಡಿ ಹಾಕಿ ಕೋರ್ಜೆಟ್ ಗೊಜ್ಜು ಗಟ್ಟಿಯಾಗಿ ಕುದಿಸಿ ಚಿಕ್ಕ ಡಬ್ಬಿಗಳಲ್ಲಿ ಇಡುತ್ತೇವೆ. ಕಾಯಿ ಹೇಗಿದ್ದರೂ ಕರಗುವುದೇ, ಕರಗಿದ ಮೇಲೆ ಮೆತ್ತಗಾಯಿತು ಅನ್ನುವ ಗೋಳಿಲ್ಲ. ತೆಂಗಿನಕಾಯಿ ಮಾತ್ರ ಹಾಕಬೇಡಿ. ಬಿಸಿ ಮಾಡುವಾಗ ತಾಜಾ ಕಾಯಿ ರುಬ್ಬಿ ಹಾಕಿ, ಒಗ್ಗರಣೆ ಆಗಲೇ ಕೊಡಿ.

ನ್ಯೂಜೆರ್ಸಿ_ಅತ್ತಿಗೆ
ಇದು ಕೆಲಸದ ದಿನಗಳಿಗೆ ವರ. ನಾನೂ ಶುರು ಮಾಡುತ್ತೇನೆ.

ಸಿಹಿ ಪ್ರಿಯರಿಗೆ: ಬೂದುಗುಂಬಳದ ಕಾಶಿ ಹಲ್ವ ಮಾಡುವ ಹಾಗೇ ಇದರಲ್ಲೂ ಆಗುತ್ತದೆ. ಸಿಪ್ಪೆ ತೆಗೆದ ದೊಡ್ಡ ಕಾಯಿಯ ತುರಿ ಹಿಂಡಿ, ತುಪ್ಪದಲ್ಲಿ ಬಾಡಿಸಿ, ಸಕ್ಕರೆ, ಕೇಸರಿ, ಏಲಕ್ಕಿ.

ಕರಾವಳಿ_ಕೈರುಚಿ
ದೋಸೆ ಯಾರೂ ಹೇಳಲಿಲ್ಲ! ಸೌತೆಕಾಯಿ ದೋಸೆಯ ಹಾಗೆ, ನೆನೆಸಿದ ಅಕ್ಕಿ ಜೊತೆ ಫ್ರೀಜರ್ ತುರಿಯನ್ನು ನೀರು ಸಮೇತ ರುಬ್ಬಿ. ಬೇರೆ ನೀರು ಬೇಡ, ಹುಳಿ ಬರಿಸುವುದೂ ಬೇಡ. ತಾರಸಿ_ತೋಟ ಹೇಳಿದ ಹಿಂಡದ ತುರಿಗೆ ಇದೇ ಸರಿಯಾದ ಜಾಗ.

ತಾರಸಿ_ತೋಟ
ಅದನ್ನೇ ನಾನು ಆಗಿನಿಂದ ಹೇಳುತ್ತಿರುವುದು.

ಹೊಸ_ತೋಟಗಾರ
ಮಧ್ಯೆ ಒಂದು ಪ್ರಶ್ನೆ. ನನ್ನ ಗಿಡದ ಒಂದು ಕಾಯಿ ಸ್ವಲ್ಪ ಕಹಿ ಇತ್ತು. ಪಕ್ಕದಲ್ಲಿ ಅಲಂಕಾರಕ್ಕೆ ಬೆಳೆಯುವ ಕುಂಬಳ ಇದೆ, ಅದರ ಪರಾಗ ಬಂದು ಹೀಗಾಯಿತು ಅಂತ ಪಕ್ಕದವರು ಹೇಳಿದರು. ಉಪ್ಪು ಹಾಕಿ ಹಿಂಡಿದರೆ ಕಹಿ ಹೋಗುತ್ತದಾ? ಹಾಗಲಕಾಯಿಗೆ ಮಾಡುತ್ತೇವಲ್ಲ.

ಲ್ಯಾಬ್_ಕೋಟು
ದಯವಿಟ್ಟು ತಿನ್ನಬೇಡಿ. ಹಾಗಲಕಾಯಿಯ ಕಹಿ ಬೇರೆ, ಇದು ಬೇರೆ. ಇದು ಕುಕುರ್ಬಿಟಾಸಿನ್ ಅನ್ನುವ ವಿಷ. ಬೇಯಿಸಿದರೂ ಹೋಗುವುದಿಲ್ಲ, ಉಪ್ಪು ಹಾಕಿ ಹಿಂಡಿದರೂ ಪೂರ್ತಿ ಹೋಗುವುದಿಲ್ಲ. ವಾಂತಿ ಭೇದಿ ಜೋರಾಗಿ ಆಗುತ್ತದೆ. 2015ರಲ್ಲಿ ಜರ್ಮನಿಯಲ್ಲಿ ಮನೆಯಲ್ಲೇ ಬೆಳೆದ ಕಹಿ ಜುಕಿನಿ ತಿಂದು ವಯಸ್ಸಾದವರೊಬ್ಬರು ತೀರಿಹೋದರು. ನಮ್ಮ ದೇಶದಲ್ಲೂ ಕಹಿ ಸೋರೆಕಾಯಿ ರಸ ಕುಡಿದು ಸಾವು ಆಗಿದೆ. ಕಹಿ ಇದ್ದರೆ ಕುಡಿಯಲೇಬೇಡಿ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮಿತಿ ಹೇಳಿದೆ.

ಫ್ರೀಜರ್‌ಗೋ ಸಂಡಿಗೆಗೋ ಹಾಕುವ ಮೊದಲು ಪ್ರತಿ ಕಾಯಿಯ ಒಂದು ಚೂರನ್ನು ನಾಲಿಗೆಗೆ ತಾಗಿಸಿ ನೋಡಿ. ಒಂದೇ ಒಂದು ಕಹಿ ಕಾಯಿ ಸೇರಿದರೆ ಇಡೀ ತುರಿ ಹಾಳು.

ತಾರಸಿ_ತೋಟ
ಪರಾಗದ ಮಾತಿಗೆ ಒಂದು ತಿದ್ದುಪಡಿ. ಈ ವರ್ಷದ ಕಾಯಿಯ ರುಚಿ ಪಕ್ಕದ ಗಿಡದ ಪರಾಗದಿಂದ ಬದಲಾಗುವುದಿಲ್ಲ. ತಿರುಳು ತಾಯಿ ಗಿಡದ್ದೇ. ಬೆರಕೆ ಆಗುವುದು ಒಳಗಿನ ಬೀಜ. ಆ ಬೀಜ ಉಳಿಸಿ ಮುಂದಿನ ವರ್ಷ ಹಾಕಿದರೆ ಆ ಗಿಡದಲ್ಲಿ ಕಹಿ ಬರಬಹುದು. ನೀವು ಹೋದ ವರ್ಷದ ಕಾಯಿಯಿಂದ ಬೀಜ ತೆಗೆದು ಹಾಕಿದ್ದಿರಾ?

ಹೊಸ_ತೋಟಗಾರ
ಹೌದು, ಸ್ನೇಹಿತರು ಅವರ ತೋಟದ ಬೀಜ ಕೊಟ್ಟಿದ್ದರು.

ತಾರಸಿ_ತೋಟ
ಹಾಗಾದರೆ ಆ ಗಿಡವನ್ನು ಕಿತ್ತು ಬಿಡಿ. ಆ ಬೀಜ ಬೇರೆಯವರಿಗೂ ಕೊಟ್ಟಿದ್ದಾರಾ ಅಂತ ಸ್ನೇಹಿತರನ್ನು ಇವತ್ತೇ ಕೇಳಿ. ಕೊಟ್ಟಿದ್ದರೆ ಅವರಿಗೆಲ್ಲ ಫೋನ್ ಮಾಡಿ ಹೇಳಲಿ.

ಧಾರವಾಡದಾಕಿ
ಕಾಯಿ ಕಡಿಮೆ ಮಾಡಬೇಕಂದ್ರ ಹೂವು ಕೀಳ್ರಿ! ಹೆಣ್ಣು ಹೂವಿನ ಹಿಂದೆ ಪುಟ್ಟ ಕಾಯಿ ಇರುತ್ತದೆ. ಅದು ಎಳೆಯದಾಗಿರುವಾಗಲೇ ಹೂವಿನ ಸಮೇತ ಕಿತ್ತರೆ ರಾಶಿ ಬೀಳುವುದೇ ಇಲ್ಲ. ಒಳಗಿನ ಕೇಸರ ತೆಗೆದು, ಇರುವೆ ನೋಡಿ, ಕಡಲೆಹಿಟ್ಟಿನಲ್ಲಿ ಅದ್ದಿ ಬಜ್ಜಿ ಮಾಡಿ. ಬೆಳಿಗ್ಗೆ ಬೇಗ, ಹೂವು ಅರಳಿದ್ದಾಗ ಕೀಳಬೇಕು.

ರೀಡಿಂಗ್_ರೈತ
ಎಲ್ಲರಿಗೂ ಬಹಳ ಧನ್ಯವಾದ. ಮನೆಯವರ ಜೊತೆ ಕೂತು ಓದಿದೆ. ಬಾಟಲಿ ಬಿಟ್ಟೆವು. ಒಂದು ಡ್ರಾಯರ್ ಹಬೆಯಲ್ಲಿ ಬೇಯಿಸಿ ಹಿಂಡಿದ ತುರಿಗೆ, ಅರ್ಧ ಡ್ರಾಯರ್ ಗೊಜ್ಜಿಗೆ. ಉಳಿದದ್ದೆಲ್ಲ ಒಣಗಿಸುವುದು. ಪಕ್ಕದ ಪ್ಲಾಟಿನ ಅಜ್ಜ ತಮ್ಮ ಡಿಹೈಡ್ರೇಟರ್ ಕೊಡುತ್ತೇನೆ ಅಂದಿದ್ದಾರೆ. ಅವರಿಗೆ ಮೊದಲು ಒಂದು ತಟ್ಟೆ ಹೂವಿನ ಬಜ್ಜಿ ಕೊಟ್ಟು ಬರುತ್ತೇವೆ.

ಸರಸ್ವತಿ ಅಮ್ಮ, ಒಂದು ಸಂದೇಹ. ಸಂಡಿಗೆ ಹಿಟ್ಟು ಯಂತ್ರದ ಜಾಲರಿಗೆ ಅಂಟಿಕೊಳ್ಳುವುದಿಲ್ವಾ?

ಸಂಡಿಗೆ_ಸರಸ್ವತಿ
ಅಂಟುತ್ತದೆ. ಬೇಕಿಂಗ್ ಕಾಗದ ಹಾಸಿ ಅದರ ಮೇಲೆ ಇಡು. ಮೇಲ್ಭಾಗ ಒಣಗಿ ಕೈಗೆ ಅಂಟದ ಹಾಗಾದ ಮೇಲೆ ಒಂದೊಂದನ್ನೂ ಮಗುಚಿ, ಕಾಗದ ತೆಗೆದು ಜಾಲರಿ ಮೇಲೆ ಹಾಕು. ಕೆಳಗಿನಿಂದಲೂ ಗಾಳಿ ಆಡಬೇಕು. ಒಂದನ್ನು ಮುರಿದು ನೋಡಿ, ನಡುವೆ ಬಿಳಿ ಹಸಿ ಕಂಡರೆ ಇನ್ನೂ ಬಿಡು. ಇಂಗು ಸ್ವಲ್ಪ ಮುಂದಾಗಿಯೇ ಹಾಕು, ಒಣಗಿದ ಮೇಲೆ ವಾಸನೆ ಇಳಿಯುತ್ತದೆ.